ಕೊಳ್ಳಿದೆವ್ವವೂ ಕಿನ್ನರಿಯೂ

ಇಂಗ್ಲಿಷಿನ ‘ಫೇರಿ’ ಎಂಬ ಶಬ್ದವನ್ನು ನಾವು ‘ಕಿನ್ನರಿ’ ಎಂದು ಕನ್ನಡಿಸುತ್ತ ಬಂದಿದ್ದೇವೆ. ಮಾತೇನೋ ಇಂಪಾಗಿದೆ, ಆದರೆ ಅರ್ಥ ಕೂಡಿಬರುವುದಿಲ್ಲ. ಚಿಟ್ಟೆಯ ರೆಕ್ಕೆ ತೊಟ್ಟು ಮಂತ್ರದಂಡ ಹಿಡಿದ ಪುಟ್ಟ ಚೆಲುವೆ, ಚಿತ್ರಕಾರರೂ ರಂಗಭೂಮಿಯವರೂ ಈಚೆಗೆ ರೂಪಿಸಿಕೊಟ್ಟವಳು. ಐರ್ಲೆಂಡ್, ಸ್ಕಾಟ್ಲೆಂಡುಗಳ ಹಳ್ಳಿಗರು ಬಲ್ಲ ಫೇರಿಯೇ ಬೇರೆ. ಅದು ಗುಡ್ಡದೊಳಗೆ ವಾಸಿಸುವ, ಮುನಿದರೆ ಕೇಡು ಬಗೆಯುವ ನೆರೆಯ ಕುಲ. ಹೆಸರೆತ್ತಲು ಅಂಜಿ ಅವರನ್ನು ‘ಒಳ್ಳೆಯ ಜನ’ ಎನ್ನುತ್ತಿದ್ದರು. ನಮ್ಮಲ್ಲಿ ಸಿಡುಬನ್ನು ‘ಅಮ್ಮ’ ಎನ್ನುತ್ತಿದ್ದಂತೆ.

ಈ ಕುಲದ ನಂಟರನ್ನು ಹುಡುಕಲು ಅಲಕಾಪುರಿಗೆ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿಗೆ ಬಂದರೆ ಸಾಕು. ಇರುಳಿನಲ್ಲಿ ಬಯಲಿನಾಚೆ ಬೆಳಕೊಂದು ಮಿನುಗಿ, ಬೆನ್ನಟ್ಟಿದವನನ್ನು ದಾರಿತಪ್ಪಿಸುವ ಕೊಳ್ಳಿದೆವ್ವದ ಕಥೆ ಹಳೆಯ ಮೈಸೂರಿನ ಇಂಥ ಊರುಗಳ ಹಿರಿಯರಿಗೆ ಹೊಸದಲ್ಲ. ಇಂಗ್ಲೆಂಡಿನ ಜೌಗುನೆಲದಲ್ಲಿ ಇಂಥದೇ ಬೆಳಕಿಗೆ ‘ವಿಲ್ ಓ ದಿ ವಿಸ್ಪ್’ ಎಂದು ಹೆಸರು. ಉರಿಯುವ ಹುಲ್ಲಿನ ಸೂಡಿ ಹಿಡಿದ ವಿಲ್ ಎಂಬುವನು ಎಂದು ಅರ್ಥ. ನಮ್ಮದರ ಕೈಯಲ್ಲಿ ಕೊಳ್ಳಿ, ಅವರದರ ಕೈಯಲ್ಲಿ ಸೂಡಿ! ದಾರಿತಪ್ಪಿದವನು ಅಂಗಿಯನ್ನು ಒಳಹೊರಗು ಮಾಡಿ ತೊಟ್ಟರೆ ಮಾಯೆ ಹರಿಯುವುದೆಂದು ಅಲ್ಲಿಯವರ ನಂಬಿಕೆ. ಕೂಸನ್ನು ಕದ್ದೊಯ್ದು ಫೇರಿಗಳು ತಮ್ಮದನ್ನು ಇರಿಸಿ ಹೋದಾವೆಂದು ತೊಟ್ಟಿಲ ಬಳಿ ಕಬ್ಬಿಣದ ಇಕ್ಕುಳವನ್ನೋ ಕತ್ತರಿಯನ್ನೋ ಇಡುತ್ತಿದ್ದರು. ಬಾಣಂತಿಯ ತಲೆದಿಂಬಿನಡಿ ಕಬ್ಬಿಣವನ್ನು ಕಂಡ ನಮಗೆ ಇದರಲ್ಲಿ ಬೆರಗೇನಿದೆ?

ಅಂಜಿಕೆ ಕಥೆಯಾಗಿರುವ ತನಕ ಚೆಂದ. 1895ರ ಮಾರ್ಚ್ ತಿಂಗಳಲ್ಲಿ ಐರ್ಲೆಂಡಿನ ಟಿಪ್ಪರರಿ ಪ್ರಾಂತದ ಬ್ರಿಜೆಟ್ ಕ್ಲಿಯರಿ ಎಂಬ ತರುಣಿ ಕಾಯಿಲೆ ಬಿದ್ದಳು. ಇವಳು ತನ್ನ ಹೆಂಡತಿಯಲ್ಲ, ಫೇರಿಗಳು ಬದಲಿಸಿಟ್ಟವಳು ಎಂದು ಗಂಡ ಹಟ ಹಿಡಿದ. ಬಾಯಿಗೆ ಬಲವಂತವಾಗಿ ಗಿಡಮೂಲಿಕೆಯ ಕಷಾಯ ಸುರಿದರು; ‘ನೀನು ಯಾರು?’ ಎಂದು ಮತ್ತೆ ಮತ್ತೆ ಕೇಳಿ ಪೀಡಿಸಿದರು. ಕಡೆಗೆ ನೆಂಟರ ಕಣ್ಣೆದುರಿನಲ್ಲೇ ಗಂಡ ಅವಳನ್ನು ಸುಟ್ಟ. ನ್ಯಾಯಾಲಯ ಅವನಿಗೆ 20 ವರ್ಷಗಳ ಸೆರೆವಾಸ ವಿಧಿಸಿತು.

ದೂರದ ದೇಶದ ಮೌಢ್ಯವೆಂದು ಮೂಗೆಳೆಯುವ ಮುನ್ನ ನಮ್ಮ ಕಡೆಗೊಮ್ಮೆ ನೋಡಿಕೊಳ್ಳುವುದು ಲೇಸು. ‘ಯಾರು ನೀನು?’ ಎಂಬ ಗದರಿಕೆ ನಮ್ಮ ಮಂತ್ರವಾದಿಯದೂ ಹೌದು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿ ಹೊಡೆಯುವುದನ್ನು ತಡೆಯಲು ಕರ್ನಾಟಕವು 2017ರಲ್ಲಿ ಶಾಸನವನ್ನೇ ರಚಿಸಬೇಕಾಯಿತು. ಅದು ಜಾರಿಗೆ ಬಂದುದು 2020ರಲ್ಲಿ.

ಕೊಳ್ಳಿದೆವ್ವ ಬಯಲಿನಲ್ಲಿರಲಿ, ಅಜ್ಜಿಯ ಬಾಯಲ್ಲಿರಲಿ. ಕೇಳಿದ ಮಕ್ಕಳು ಹೆದರಿ ಅವಳ ಸೆರಗಿನಡಿ ಸೇರಲಿ. ಮನೆಯ ಹೆಣ್ಣುಮಗಳು ಮಂಕಾಗಿ ಮೂಲೆ ಹಿಡಿದಾಗ ಮಾತ್ರ ಕರೆಯಬೇಕಾದುದು ವೈದ್ಯನನ್ನು.