ಸೈನ್ ಹಾಕಿದ್ದಾರಲ್ಲ, ಮತ್ತೇನು?

ರಿಯಾಲಿಟಿ ಶೋ ಬಗ್ಗೆ ಗಾಂಧಿಬಜಾರಿನ ಯಾವ ಹೋಟೆಲಲ್ಲಿ ಮಾತು ಶುರುವಾದ್ರೂ ಕೊನೆಗೆ ಒಂದೇ ವಾದಕ್ಕೆ ಬಂದು ನಿಲ್ಲುತ್ತೆ: "ಅವರೇನು ಚಿಕ್ಕ ಮಕ್ಕಳಾ? ಗೊತ್ತಿದ್ದೇ ಸೈನ್ ಹಾಕಿರ್ತಾರೆ, ದುಡ್ಡೂ ತಗೋತಾರೆ. ನಮಗ್ಯಾಕೆ ಉಸಾಬರಿ?"

ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಇರೋದು ಒಂದು ಥ್ರಿಲ್ಲರಿನಲ್ಲಿ. 2021ರ ಕೊರಿಯನ್ ಸೀರೀಸ್ 'ಸ್ಕ್ವಿಡ್ ಗೇಮ್'. ಸಾಲದಲ್ಲಿ ಮುಳುಗಿದ 456 ಜನ ಆಡೋ ಆಟ. ಸೋತವರಿಗೆ ಸಾವು, ದುಡ್ಡಿರುವವರಿಗೆ ಮನರಂಜನೆ. ಅಲ್ಲೂ ಎಲ್ಲರ ಸೈನ್ ಇದೆ. ಬಹುಮತ ಬಂದ್ರೆ ಆಟ ನಿಲ್ಲಿಸಬಹುದು ಅನ್ನೋ ಷರತ್ತೂ ಇದೆ. ಮೊದಲ ಆಟದಲ್ಲಿ ಬದುಕುಳಿದವರು ಒಂದೇ ಮತದ ಅಂತರದಲ್ಲಿ ಹೊರಗೆ ಬರ್ತಾರೆ. ಆಮೇಲೆ ಹೆಚ್ಚಿನವರು ತಾವಾಗೇ ವಾಪಸ್ ಹೋಗ್ತಾರೆ! ಹೊರಗೆ ಸಾಲ ಹಾಗೇ ಇದೆಯಲ್ಲ. ಕೈ ಹಿಡಿದು ಎಳೆದವರು ಯಾರೂ ಇಲ್ಲ, ಆದ್ರೂ ಅದನ್ನ ಒಪ್ಪಿಗೆ ಅನ್ನೋಕೆ ಮನಸ್ಸು ಬರಲ್ಲ. 2023ರಲ್ಲಿ ನೆಟ್‌ಫ್ಲಿಕ್ಸ್ ಇದೇ ಕಥೆಯನ್ನ 456 ಸ್ಪರ್ಧಿಗಳ ರಿಯಾಲಿಟಿ ಶೋ ಮಾಡಿತು, ಸಾವೊಂದನ್ನ ಬಿಟ್ಟು.

ನಮ್ಮ ಕಡೆಗೇ ಬರೋಣ. 2024ರಲ್ಲಿ ಬಿಗ್ ಬಾಸ್ ಕನ್ನಡ 11ನೇ ಸೀಸನ್ ಮನೆಯನ್ನ ಸ್ವರ್ಗ, ನರಕ ಅಂತ ಎರಡು ಭಾಗ ಮಾಡಿತ್ತು. ನರಕದವರಿಗೆ ಗಂಜಿ ಊಟ. ಅಲ್ಲಿದ್ದವರೂ ಸೈನ್ ಹಾಕಿಯೇ ಒಳಗೆ ಹೋದವರು. ಆದ್ರೂ ಊಟ, ಶೌಚಾಲಯ, ಖಾಸಗಿತನದ ಬಗ್ಗೆ ದೂರು ಬಂದಾಗ ರಾಜ್ಯ ಮಹಿಳಾ ಆಯೋಗ ರಾಮನಗರ ಪೊಲೀಸರಿಗೆ ಪತ್ರ ಬರೆಯಿತು. ಅದೇ ತಿಂಗಳು ನರಕದ ಸೆಟ್ ಮಾಯವಾಯ್ತು. ಅಂದ್ರೆ ಹೊರಗಿನವರು ಪ್ರಶ್ನೆ ಕೇಳಬಹುದು, ಕೇಳಿದ್ರೆ ಬದಲಾಗುತ್ತೆ ಕೂಡ.

ಆದ್ರೆ ಆಟ ಮುಗಿದ ಮೇಲೆ? ಸುವರ್ಣ ವಾಹಿನಿಯ 'ಹಳ್ಳಿ ಹೈದ ಪ್ಯಾಟೆಗ್ ಬಂದ' ನಿಮಗೂ ನೆನಪಿರಬಹುದು. ಎಚ್.ಡಿ. ಕೋಟೆ ಕಾಡಂಚಿನ ಹಾಡಿಯ ರಾಜೇಶ್ ಅದನ್ನ ಗೆದ್ದ. 'ಜಂಗಲ್ ಜಾಕಿ' ಸಿನಿಮಾಕ್ಕೆ ಹೀರೋ ಆದ. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡ. ಶೋನಿಂದಲೇ ಹೀಗಾಯ್ತು ಅನ್ನೋಕೆ ನಾನು ಯಾರೂ ಅಲ್ಲ. ಆದ್ರೆ ಪ್ಯಾಟೆಯನ್ನೇ ಸರಿಯಾಗಿ ನೋಡಿರದ ಹುಡುಗ ಸೈನ್ ಹಾಕುವಾಗ ಅವನಿಗೆ ಏನು ತಾನೇ ಗೊತ್ತಿರುತ್ತೆ? ಇಡೀ ರಾಜ್ಯ ತನ್ನನ್ನ ಗುರುತು ಹಿಡಿಯೋದು, ಆಮೇಲೆ ಮರೆಯೋದು, ಇವೆಲ್ಲ ಯಾವ ಷರತ್ತಿನಲ್ಲಿ ಬರೆದಿರುತ್ತೆ?

ನಮ್ಮ ಫೋನಿನ ಆ್ಯಪ್‌ಗೆ ಕ್ಯಾಮೆರಾ ಪರ್ಮಿಷನ್ ಕೊಟ್ಟಿದ್ರೂ ಬೇಡ ಅನ್ನಿಸಿದ ದಿನ ವಾಪಸ್ ತಗೋಬಹುದು. ಮನುಷ್ಯರಿಗೂ ಅಷ್ಟಾದರೂ ಬೇಡ್ವಾ? ದಂಡ ಕಟ್ಟದೆ ಹೊರಬರೋ ದಾರಿ, ಚಾನೆಲ್ಲಿಗೆ ಸಂಬಂಧ ಇಲ್ಲದ ಒಬ್ಬ ಮನಶ್ಶಾಸ್ತ್ರಜ್ಞ, ಫಿನಾಲೆ ಆಗಿ ಒಂದು ವರ್ಷದವರೆಗೂ ವಿಚಾರಿಸಿಕೊಳ್ಳೋ ಹೊಣೆ. ಈ ಮೂರು ಒಪ್ಪಂದದಲ್ಲಿದ್ರೆ "ಸೈನ್ ಹಾಕಿದ್ದಾರಲ್ಲ" ಅನ್ನೋ ಮಾತಿಗೆ ಒಂದಿಷ್ಟು ಅರ್ಥ ಇರುತ್ತೆ. ಅಲ್ಲಿವರೆಗೆ ಆ ಸೈನ್ ಕಾಪಾಡೋದು ಚಾನೆಲ್ಲನ್ನ ಮಾತ್ರ.