ಗುಂಪಿನಲ್ಲಿ ಗೋವಿಂದ ಎಂದರೆ ಕಾನೂನು ಬಿಟ್ಟೀತೇ?

ಮಾದಾಪುರದಲ್ಲಿ ನವೆಂಬರ್ 10ನೇ ತಾರೀಖನ್ನು ಮರೆತವರು ಕಡಿಮೆ. 2015ರಲ್ಲಿ ಅದೇ ದಿನ ಟಿಪ್ಪು ಜಯಂತಿಯ ನೆಪದಲ್ಲಿ ಮಡಿಕೇರಿಯಲ್ಲಿ ಎರಡು ಗುಂಪುಗಳು ಎದುರುಬದುರಾದವು. ಕಲ್ಲು ತೂರಾಟ ಆಯಿತು, ಲಾಠಿ ಬೀಸಿತು. ಮಾದಾಪುರದವರೇ ಆದ ವಿಶ್ವ ಹಿಂದೂ ಪರಿಷತ್ತಿನ ಮುಖಂಡ ಕುಟ್ಟಪ್ಪನವರು ಜೀವಂತ ಮನೆಗೆ ಬರಲಿಲ್ಲ. ಕಲ್ಲೇಟಿನಿಂದಲೋ, ಬಿದ್ದ ಪೆಟ್ಟಿನಿಂದಲೋ ಎಂದು ಅಂದೇ ಎರಡು ಮಾತು ಎದ್ದವು. ಗುಂಡೇಟು ತಿಂದ ಮುಸ್ಲಿಂ ಯುವಕನೊಬ್ಬನೂ ಆಮೇಲೆ ತೀರಿಕೊಂಡ. ಸರ್ಕಾರ 2019ರಲ್ಲಿ ಜಯಂತಿಯನ್ನೇ ಕೈಬಿಟ್ಟಿತು.

ಜಯಂತಿ ಹೋಯಿತು, ಪ್ರಶ್ನೆ ಉಳಿಯಿತು. ನೂರು ಜನರ ಗುಂಪಿನಲ್ಲಿ ಒಬ್ಬ ಕಲ್ಲು ಬೀಸಿದರೆ ಉಳಿದ 99 ಜನರ ಗತಿ ಏನು?

ಐದು ಅಥವಾ ಹೆಚ್ಚು ಮಂದಿ ಕಾನೂನುಬಾಹಿರ ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧ ಎಲ್ಲರ ತಲೆಗೂ ಬರುತ್ತದೆ. ಹೀಗಾದೀತು ಎಂದು ಮೊದಲೇ ಗೊತ್ತಿದ್ದರೂ ಅಷ್ಟೇ. ಹಳೆಯ ದಂಡ ಸಂಹಿತೆಯಲ್ಲಿ ಇದು 149ನೇ ಕಲಂ. 2024ರ ಜುಲೈ 1ರಿಂದ ನಡೆದ ಅಪರಾಧಗಳಿಗೆ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಂ. ನಂಬರು ಬದಲಾಯಿತು, ಬಿಸಿ ಆರಲಿಲ್ಲ.

ಹಾಗಾದರೆ ರಸ್ತೆ ಬದಿ ನಿಂತು ನೋಡಿದವನೂ ಕೊಲೆಗಾರನೇ? ಅಲ್ಲ. ಕೇವಲ ಹಾಜರಿದ್ದ ಮಾತ್ರಕ್ಕೆ ಕೂಟದ ಸದಸ್ಯನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1956ರ ಬಲಾದಿನ್ ಮೊಕದ್ದಮೆಯಲ್ಲಿ ಹೇಳಿತು. ಇದನ್ನೇ ಹಿಡಿದು ‘ನಾನು ಕೈ ಎತ್ತಲೇ ಇಲ್ಲ ಸ್ವಾಮಿ’ ಎಂದರೆ ಸಾಲದು. ಉದ್ದೇಶದಲ್ಲಿ ಪಾಲುಗಾರನಾದರೆ ಸಾಕು, ಪ್ರತಿಯೊಬ್ಬನೂ ಹೊಡೆದಿರಬೇಕಾಗಿಲ್ಲ ಎಂದು 1964ರ ಮಸಾಲ್ತಿ ಮೊಕದ್ದಮೆಯಲ್ಲಿ ಅದೇ ಕೋರ್ಟು ಸ್ಪಷ್ಟಪಡಿಸಿತು. ಅದೇ ತೀರ್ಪಿನಲ್ಲಿ ಒಂದು ಕಾವಲೂ ಇದೆ. ದೊಡ್ಡ ಗುಂಪಿನ ಕೇಸಿನಲ್ಲಿ ಒಬ್ಬ ಸಾಕ್ಷಿ ಬೊಟ್ಟು ಮಾಡಿದರೆ ಸಾಲದು. ಇಬ್ಬರು ಮೂವರಾದರೂ ಒಂದೇ ರೀತಿ ಹೇಳಬೇಕು ಎಂಬ ಎಚ್ಚರಿಕೆಯ ಕ್ರಮವನ್ನು ಕೋರ್ಟು ಒಪ್ಪಿತು. ದೂರಿನಲ್ಲಿ ‘ಮತ್ತು ಇತರರು’ ಎಂದು ಬರೆದಿದ್ದರೆ ಆ ‘ಇತರರು’ ಯಾರು ಬೇಕಾದರೂ ಆಗಬಹುದಲ್ಲ! ದ್ವೇಷ ತೀರಿಸಿಕೊಳ್ಳುವವರಿಗೆ ಅಷ್ಟು ಸಾಕು. ನಿರಪರಾಧಿಗೆ ಆಗ ಈ ಕಾವಲೇ ಗತಿ.

ಇನ್ನುಳಿದ ಸಬೂಬುಗಳ ಕಥೆಯೂ ಕೇಳುವಂಥದೇ. ‘ಕುಡಿದಿದ್ದೆ’ ಅಂದರೆ ನಡೆಯದು. ತಾನಾಗಿ ಕುಡಿದವನಿಗೆ ಕಾನೂನು ಮಾಫಿ ಕೊಡುವುದಿಲ್ಲ. ‘ಆತ್ಮರಕ್ಷಣೆ’ ನಿಜವಾದ ಹಕ್ಕು. ಆದರೆ ಅಪಾಯ ಇರುವಷ್ಟು ಹೊತ್ತು ಮಾತ್ರ. ಓಡಿಹೋಗುವವನ ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆಯಲ್ಲ, ಸೇಡು. ‘ಆ ಹೊತ್ತು ನಾನು ತೋಟದಲ್ಲಿದ್ದೆ’ ಎನ್ನುವವನು ಅದಕ್ಕೆ ಪುರಾವೆ ಕೊಡಬೇಕು. ಅದು ಬಿದ್ದುಹೋದರೂ ಆರೋಪ ಸಾಬೀತು ಮಾಡುವ ಹೊಣೆ ಮಾತ್ರ ಸರ್ಕಾರದ್ದೇ.

ಗಲಾಟೆಗೇ ಹೋಗದೆ ಸಿಕ್ಕಿಬೀಳುವವರೂ ಇದ್ದಾರೆ. ಗೊತ್ತಿದ್ದೂ ದೊಣ್ಣೆ ಸಾಗಿಸಿದ ಜೀಪಿನ ಡ್ರೈವರು ಪ್ರೇರಣೆಯ ಆರೋಪಿ. ರಕ್ತದ ಅಂಗಿ ಸುಟ್ಟವನು ಸಾಕ್ಷ್ಯನಾಶದ ಆರೋಪಿ. ಅಪರಾಧಿಯೆಂದು ತಿಳಿದೂ ಶಿಕ್ಷೆ ತಪ್ಪಿಸಲು ಅಡಗಿಸಿಟ್ಟರೆ ಅದೂ ಅಪರಾಧ. ಈ ಕಲಮಿನಲ್ಲಿ ಗಂಡ ಹೆಂಡತಿಗೆ ಮಾತ್ರ ವಿನಾಯಿತಿ. ಮಗನನ್ನು ಅಟ್ಟದಲ್ಲಿ ಬಚ್ಚಿಟ್ಟ ತಾಯಿಗೂ ಇಲ್ಲ!

ಭಾಷಣ ಮಾಡಿದವರು ಸಂಜೆಗೆ ಕಾರು ಹತ್ತಿ ಹೋಗುತ್ತಾರೆ. ತಾರೀಖಿನಿಂದ ತಾರೀಖಿಗೆ ಮಡಿಕೇರಿ ಕೋರ್ಟಿನ ಮೆಟ್ಟಿಲು ಹತ್ತುವವನು ತೋಟದ ಕೂಲಿಕಾರನ ಮಗ, ಅಂಗಡಿ ಹುಡುಗ. ಕೇಸು ಎಷ್ಟು ವರ್ಷ ಎಳೆದರೂ ಕೂಲಿ, ಬಸ್ ಚಾರ್ಜು, ವಕೀಲರ ಫೀಜು ಯಾವ ಸಂಘಟನೆಯೂ ಕೊನೆತನಕ ಕೊಡುವುದಿಲ್ಲ. ಈ ಕಡೆಯವನಾಗಲಿ ಆ ಕಡೆಯವನಾಗಲಿ, ಮೆರವಣಿಗೆಗೆ ಹೋಗುವುದು ಹಕ್ಕು. ಮೊದಲ ಕಲ್ಲು ಎದ್ದ ಕ್ಷಣ ಅಲ್ಲಿಂದ ಕಾಲ್ತೆಗೆಯುವುದು ಜಾಣತನ. ಮುಂದೆ ಕೋರ್ಟು ಕೇಳುವ ಪ್ರಶ್ನೆಯೂ ಅದೇ: ಕಲ್ಲು ಬಿದ್ದ ಮೇಲೂ ನೀನು ಅಲ್ಲಿ ಏಕೆ ನಿಂತಿದ್ದೆ?