ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಡಲ್ಲಾಸ್ ನಗರದಲ್ಲಿ ಗುಂಡೇಟಿಗೆ ಬಲಿಯಾದದ್ದು 1963ರ ನವೆಂಬರ್ 22ರಂದು, ಮಧ್ಯಾಹ್ನ 12:30ಕ್ಕೆ. ಅದಾಗಿ ಮುಕ್ಕಾಲು ಗಂಟೆಯ ಹೊತ್ತಿಗೆ ಅದೇ ಊರಿನ ಓಕ್ ಕ್ಲಿಫ್ ಬಡಾವಣೆಯಲ್ಲಿ ಇನ್ನೊಂದು ಕೊಲೆ ನಡೆಯಿತು. ಸತ್ತವರು ಜೆ. ಡಿ. ಟಿಪ್ಪಿಟ್ ಎಂಬ 39 ವರ್ಷದ ಗಸ್ತು ಪೊಲೀಸ್. ರಸ್ತೆ ಬದಿ ನಡೆದು ಹೋಗುತ್ತಿದ್ದವನೊಬ್ಬನ ಪಕ್ಕ ಕಾರು ನಿಲ್ಲಿಸಿ, ಕಿಟಕಿಯಿಂದಲೇ ಏನೋ ಕೇಳಿ, ಕೆಳಗಿಳಿದು ಮುಂದಕ್ಕೆ ಬಂದರು. ಆತ ರಿವಾಲ್ವರ್ ತೆಗೆದು ಹೊಡೆದ.

ಸ್ವಲ್ಪ ಹೊತ್ತಿನಲ್ಲೇ ಹತ್ತಿರದ ಸಿನಿಮಾ ಮಂದಿರವೊಂದರಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಸಿಕ್ಕಿಬಿದ್ದ. ಕೈಯಲ್ಲಿ ರಿವಾಲ್ವರ್ ಇತ್ತು. ಕೆನಡಿ ಕೊಲೆಯ ಆರೋಪವೂ ಅವನ ಮೇಲೇ ಬಂತು. ಎರಡೇ ದಿನಕ್ಕೆ ಅವನನ್ನೂ ಒಬ್ಬ ಗುಂಡಿಟ್ಟು ಕೊಂದ. ಹಾಗಾಗಿ ಟಿಪ್ಪಿಟ್ ಕೊಲೆಯ ವಿಚಾರಣೆ ಯಾವ ನ್ಯಾಯಾಲಯದಲ್ಲೂ ನಡೆಯಲಿಲ್ಲ. ವಾರನ್ ಆಯೋಗ 1964ರಲ್ಲಿ ಆಸ್ವಾಲ್ಡನೇ ಕೊಂದವನು ಎಂದು ವರದಿ ಕೊಟ್ಟಿತು. ವಾದ ಮಾತ್ರ ಇವತ್ತಿಗೂ ನಿಂತಿಲ್ಲ.

ನಮ್ಮ ಮನೆಯಲ್ಲೂ ನಿಂತಿಲ್ಲ. ಅತ್ತಿಗೆಯದು ಸಾಕ್ಷಿಗಳ ಪಕ್ಷ. "ಅಷ್ಟು ಜನ ನೋಡಿದ್ದಾರಲ್ಲ, ಎಲ್ಲರೂ ಸುಳ್ಳು ಹೇಳ್ತಾರಾ?" ಒಂಬತ್ತನೆಯ ತರಗತಿಯ ಅಣ್ಣನ ಮಗನದು ಲೋಹದ ಪಕ್ಷ. "ಚಿಕ್ಕಪ್ಪ, ಮನುಷ್ಯರು ಮರೀತಾರೆ. ಗುಂಡು ಮರೆಯಲ್ಲ."

ಮೊದಲು ಅತ್ತಿಗೆಯ ಮಾತು ನೋಡೋಣ. ಗುಂಡು ಹಾರಿದ್ದನ್ನೋ, ರಿವಾಲ್ವರ್ ಹಿಡಿದು ಓಡಿದ್ದನ್ನೋ ಕಂಡವರು ಕನಿಷ್ಠ 12 ಜನ ಎಂದು ಆಯೋಗ ಎಣಿಸಿತು. ಅಂದು ಸಂಜೆಯೊಳಗೆ ಐವರು, ಮರುದಿನ ಇನ್ನೊಬ್ಬರು, ಸಾಲಿನಲ್ಲಿ ನಿಂತವರಲ್ಲಿ ಆಸ್ವಾಲ್ಡನನ್ನು ಗುರುತಿಸಿದರು. ಕೇಳಲು ಗಟ್ಟಿಯಾಗಿದೆ. ಆದರೆ ಮರುದಿನದ ಸಾಲಿನಲ್ಲಿ ಆತ, ಹುಡುಗರ ಜೊತೆ ನನ್ನನ್ನು ನಿಲ್ಲಿಸಿದ್ದು ಅನ್ಯಾಯ ಎಂದು ಪೊಲೀಸರ ಮೇಲೆ ಕೂಗಾಡುತ್ತಿದ್ದ. ಕೂಗಾಡುವವನನ್ನು ತೋರಿಸಲು ಕೊಲೆ ನೋಡಿರಬೇಕಾಗಿಲ್ಲ! ಕೊಲೆಗಾರನ ಕೋಟು ಒಬ್ಬರಿಗೆ ಕಪ್ಪಾಗಿ, ಇನ್ನೊಬ್ಬರಿಗೆ ತಿಳಿ ಬಣ್ಣದ್ದಾಗಿ ಕಂಡಿತ್ತು. ಅಲ್ಲಿ ಇಬ್ಬರಿದ್ದರು ಎಂದ ಹೆಂಗಸೊಬ್ಬರನ್ನು ಆಯೋಗ ಕರೆಸಲೇ ಇಲ್ಲ. ಕರೆಸಬೇಕಿತ್ತು.

ಇನ್ನು ಸಮಯ. ಕೆಲಸಕ್ಕೆ ಹೊರಟಿದ್ದ ಹೋಟೆಲ್ ಪರಿಚಾರಿಕೆಯೊಬ್ಬರು ಕೊಲೆಯನ್ನು ಕಣ್ಣಾರೆ ಕಂಡವರು. ಅವರ ಪ್ರಕಾರ ಅದು ನಡೆದದ್ದು 1:06ಕ್ಕೋ 1:07ಕ್ಕೋ. ಆಸ್ವಾಲ್ಡ್ ತನ್ನ ಬಾಡಿಗೆ ಕೋಣೆ ಬಿಟ್ಟದ್ದು 1:03ರ ಸುಮಾರಿಗೆ ಎಂದು ಆಯೋಗದ ಲೆಕ್ಕ. ಅಲ್ಲಿಂದ ಕೊಲೆಯ ಜಾಗಕ್ಕೆ ಸುಮಾರು 1.45 ಕಿಲೋಮೀಟರ್. ಮಕ್ಕಳು ಲೆಕ್ಕ ಹಾಕಿ ನೋಡಲಿ. ಮೂರು ನಿಮಿಷದಲ್ಲಿ ತಲುಪಬೇಕಾದರೆ ಗಂಟೆಗೆ 29 ಕಿಲೋಮೀಟರ್ ವೇಗ ಬೇಕು, ಮನುಷ್ಯನಿಂದ ಆಗದು. ಕೊಲೆ 1:15ಕ್ಕೆ ನಡೆದಿದ್ದರೆ ಗಂಟೆಗೆ ಏಳು ಕಿಲೋಮೀಟರ್ ಚಿಲ್ಲರೆ ಸಾಕು, ಬಿರುಸು ನಡಿಗೆ. ದಾರಿಹೋಕರೊಬ್ಬರು ಟಿಪ್ಪಿಟ್ ಅವರ ಕಾರಿನ ರೇಡಿಯೋದಲ್ಲೇ ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದು 1:16ರ ಆಸುಪಾಸಿಗೆ. ಆ ಸದ್ದು ಧ್ವನಿಮುದ್ರಣದಲ್ಲಿದೆ. ಅಂದಾಜಿನ ಹೊತ್ತಿಗಿಂತ ಧ್ವನಿಮುದ್ರಣವೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಅಣ್ಣನ ಮಗನ ಲೋಹದ ಕಥೆಯೂ ಅವನು ಅಂದುಕೊಂಡಷ್ಟು ಸರಳವಲ್ಲ. ತೋಟಾದಲ್ಲಿ ಎರಡು ಭಾಗ. ಮುಂದೆ ಹಾರಿಹೋಗುವ ಗುಂಡು, ಹಿಂದೆ ಉಳಿಯುವ ಹಿತ್ತಾಳೆಯ ಕೋಶ. ಗುಂಡು ನಳಿಗೆಯೊಳಗೆ ಹಾದುಹೋಗುವಾಗ ಅಲ್ಲಿನ ತಿರುಪುಗೆರೆಗಳು ಅದರ ಮೈಮೇಲೆ ಗೀರು ಎಳೆಯುತ್ತವೆ. ಕೋಶದ ಬೆನ್ನಿಗೆ ರಿವಾಲ್ವರಿನ ಮೊನೆ ಬಡಿದ ಗುರುತು ಬೀಳುತ್ತದೆ. ತಜ್ಞರು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡುವುದು ಇವೆರಡನ್ನೇ.

ಟಿಪ್ಪಿಟ್ ದೇಹದಿಂದ ತೆಗೆದ ಗುಂಡುಗಳು ನಾಲ್ಕು. ಎಫ್‌ಬಿಐ ತಜ್ಞ ಕಾರ್ಟ್‌ಲ್ಯಾಂಡ್ ಕನಿಂಗ್‌ಹ್ಯಾಮ್ ಹೇಳಿದ್ದೇನು ಗೊತ್ತೇ? ಇವು ಈ ರಿವಾಲ್ವರಿನಿಂದಲೇ ಬಂದವು ಎನ್ನಲಾರೆ, ಬಂದಿಲ್ಲ ಎಂದೂ ಹೇಳಲಾರೆ! ಆ ರಿವಾಲ್ವರನ್ನು ಬೇರೊಂದು ಬಗೆಯ ತೋಟಾಕ್ಕೆ ಹೊಂದುವಂತೆ ಮಾರ್ಪಡಿಸಿದ್ದರು, ನಳಿಗೆ ಮಾತ್ರ ಹಳೆಯದೇ ಇತ್ತು. ಗುಂಡಿಗಿಂತ ನಳಿಗೆ ಒಂದಿಷ್ಟು ಅಗಲ. ಸಡಿಲ ಚಪ್ಪಲಿ ಹಾಕಿ ನಡೆದಂತೆ ಗುಂಡು ಅತ್ತಿತ್ತ ಓಲಾಡಿ, ಒಂದೊಂದು ಸಲ ಒಂದೊಂದು ಥರ ಗೀರು. ಇಲಿನಾಯ್ ರಾಜ್ಯದ ತಜ್ಞ ಜೋಸೆಫ್ ನಿಕಲ್ ಮಾತ್ರ ನಾಲ್ಕರಲ್ಲಿ ಒಂದು ಗುಂಡು ಖಚಿತವಾಗಿ ಹೊಂದುತ್ತದೆ ಎಂದರು. ಇಬ್ಬರು ತಜ್ಞರು, ಎರಡು ಉತ್ತರ.

ಕೋಶಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಸ್ಥಳದಲ್ಲಿ ಸಿಕ್ಕ ನಾಲ್ಕೂ ಈ ರಿವಾಲ್ವರಿನಲ್ಲೇ ಸಿಡಿದವು ಎಂದು ಇಬ್ಬರೂ ಹೇಳಿದರು. ರಿವಾಲ್ವರ್ ಕೋಶವನ್ನು ತಾನಾಗಿ ಹೊರಗೆಸೆಯುವುದಿಲ್ಲ, ಹಾಗಾದರೆ ನೆಲದಲ್ಲಿ ಹೇಗೆ ಬಿದ್ದವು ಎನ್ನುತ್ತೀರಾ? ಓಡುತ್ತಾ ಕೈಯಿಂದಲೇ ಉದುರಿಸುತ್ತಿದ್ದುದನ್ನು ಜನ ನೋಡಿದ್ದಾರೆ. ನೆಲದ ಕೋಶ ನೋಡಿ ಪೊಲೀಸರು ರೇಡಿಯೋದಲ್ಲಿ 'ಆಟೊಮ್ಯಾಟಿಕ್' ಎಂದು ಸಾರಿದ್ದು ಇನ್ನೊಂದು ಗೊಂದಲಕ್ಕೆ ದಾರಿಯಾಯಿತು.

ಗಂಟು ಇನ್ನೂ ಇದೆ. ಗುಂಡುಗಳಲ್ಲಿ ಮೂರು ವಿಂಚೆಸ್ಟರ್, ಒಂದು ರೆಮಿಂಗ್ಟನ್. ಕೋಶಗಳಲ್ಲಿ ಎರಡು ಎರಡು. ತಾಳೆಯಾಗದು. ಐದನೆಯ ಗುಂಡೊಂದು ಗುರಿ ತಪ್ಪಿ ಹೋಗಿ, ಒಂದು ಕೋಶ ಸಿಗದೇ ಉಳಿದಿದ್ದರೆ ಲೆಕ್ಕ ಕೂಡುತ್ತದೆ. ಬಂಧಿಸಿದಾಗ ಆಸ್ವಾಲ್ಡನ ರಿವಾಲ್ವರಿನಲ್ಲಿ ಎರಡೂ ಕಂಪನಿಯ ತೋಟಾಗಳಿದ್ದವು, ಮೂರು ಮೂರು. ಎರಡು ಕೋಶಗಳ ಮೇಲೆ ತನ್ನ ಗುರುತು ಕೆತ್ತಿದ್ದೆ ಎಂದು ನಂಬಿದ್ದ ಪೊಲೀಸನಿಗೆ ಆಮೇಲೆ ಆ ಗುರುತು ಸಿಗಲಿಲ್ಲ. ಇದು ಸಣ್ಣ ಲೋಪವಲ್ಲ. ಆ ಎರಡನ್ನು ಬದಿಗಿಡಿ. ಮೂಲೆಮನೆಯ ಇಬ್ಬರು ಹೆಂಗಸರು ಒಂದೊಂದಾಗಿ ಹೆಕ್ಕಿಕೊಟ್ಟ ಇನ್ನೆರಡು ಉಳಿಯುತ್ತವೆ. ನನಗೆ ಅವು ಸಾಕು.

ಯಾಕೆ ಸಾಕು ಎಂದು ಅತ್ತಿಗೆ ಕೇಳಿದರು. ಗುಂಡಿನ ವಿಷಯದಲ್ಲಿ 'ಹೇಳಲಾರೆ' ಎಂದ ಅದೇ ಕನಿಂಗ್‌ಹ್ಯಾಮ್, ಕೋಶದ ವಿಷಯದಲ್ಲಿ 'ಹೌದು' ಎಂದಿದ್ದಾರೆ. ಸರ್ಕಾರಕ್ಕೆ ಬೇಕಾದುದನ್ನೇ ಹೇಳುವವರಾಗಿದ್ದರೆ ಎರಡಕ್ಕೂ ಹೌದು ಎನ್ನುತ್ತಿದ್ದರು. ಸಾಕ್ಷಿಗಳಲ್ಲೂ ಇಂಥವರೊಬ್ಬರಿದ್ದರು. ರಸ್ತೆಯಾಚೆ ಪಿಕಪ್ ವ್ಯಾನಿನಲ್ಲಿ, ಎಲ್ಲರಿಗಿಂತ ಹತ್ತಿರದಲ್ಲಿದ್ದವರು, ಮೊದಲೆರಡು ಕೋಶ ಹೆಕ್ಕಿದವರು. ಗುರುತಿಸಬಲ್ಲೆ ಎನ್ನುವ ಭರವಸೆ ಇಲ್ಲ ಎಂದದ್ದರಿಂದ ಪೊಲೀಸರು ಅವರನ್ನು ಸಾಲು ನೋಡಲು ಕರೆದೊಯ್ಯಲೇ ಇಲ್ಲ. ಅದೇ ವ್ಯಕ್ತಿ 1967ರಲ್ಲಿ ಟಿ.ವಿ. ಮುಂದೆ, ಅವನು ಆಸ್ವಾಲ್ಡನೇ, ಸಂಶಯವೇ ಇಲ್ಲ ಎಂದರು. ಅಷ್ಟರಲ್ಲಿ ಆಸ್ವಾಲ್ಡನ ಮುಖವನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ನೋಡಿದ್ದರೋ! ಅವರ ಮೊದಲ ದಿನದ ಮಾತಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಅದು ನನ್ನ ವಾದಕ್ಕೆ ಒದಗಿ ಬರದಿದ್ದರೂ.

ಅತ್ತಿಗೆ ಒಪ್ಪಿಲ್ಲ. ಅಣ್ಣನ ಮಗ ಆ ಐದನೆಯ ಗುಂಡಿನ ಬೆನ್ನುಹತ್ತಿ ಕುಳಿತಿದ್ದಾನೆ.

ಕೆನಡಿ, ಆಸ್ವಾಲ್ಡ್, ಟಿಪ್ಪಿಟ್ ಮೂವರ ಅಂತ್ಯಕ್ರಿಯೆಯೂ ನಡೆದದ್ದು ಒಂದೇ ದಿನ, ನವೆಂಬರ್ 25ರಂದು. ಟಿಪ್ಪಿಟ್ ಅವರಿಗೆ ಹೆಂಡತಿ, ಮೂರು ಮಕ್ಕಳು.